ದಂಡ ಅಲ್ಲ ಯಜಮಾನ್ರೇ, ಪೆನಾಲ್ಟಿ!

ಮನೆಕಂದಾಯ ಕಟ್ಟಲು ಒಮ್ಮೆ ಕಚೇರಿಯ ಕೌಂಟರಿನ ಮುಂದೆ ನಿಂತಿದ್ದೆ. ನನ್ನ ಮುಂದೆ ಒಬ್ಬ ಹಿರಿಯರು. ತಲೆಗೆ ಟವೆಲ್ ಸುತ್ತಿದ್ದರು. ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿನೊಳಗೆ ಹಳೇ ರಸೀದಿಗಳ ಕಟ್ಟು, ಅದಕ್ಕೊಂದು ರಬ್ಬರ್ ಬ್ಯಾಂಡ್. ಕೌಂಟರಿನ ಒಳಗಿದ್ದ ಹೆಣ್ಣುಮಗಳು ಕಂಪ್ಯೂಟರ್ ನೋಡಿ, "ಎರಡು ವರ್ಷದ್ದು ಬಾಕಿ ಇದೆ, ದಂಡ ಸೇರಿ ಇಷ್ಟಾಗುತ್ತೆ" ಎಂದು ಮೊತ್ತ ಹೇಳಿದರು. ಹಿರಿಯರ ಮುಖ ಬಿಗಿಯಿತು.

"ದಂಡ ಯಾಕಮ್ಮ? ನಾನೇನು ಯಾರ ಮನೆಗಾದ್ರೂ ಕನ್ನ ಹಾಕಿದ್ನಾ?"

ಆಕೆ ಇಂಥ ಎಷ್ಟು ಜನರನ್ನು ಕಂಡವರೋ! ತಲೆ ಎತ್ತದೆಯೇ ಹೇಳಿದರು: "ದಂಡ ಅಲ್ಲ ಯಜಮಾನ್ರೇ, ಪೆನಾಲ್ಟಿ. ಲೇಟಾದ್ರೆ ಎಲ್ರಿಗೂ ಬರುತ್ತೆ."

"ಹಂಗನ್ನು ಮತ್ತೆ" ಎನ್ನುತ್ತ ಹಿರಿಯರು ಒಳಜೇಬಿಗೆ ಕೈ ಹಾಕಿದರು.

ಮೊತ್ತದಲ್ಲಿ ಒಂದು ರೂಪಾಯಿಯೂ ಇಳಿದಿರಲಿಲ್ಲ. ಬದಲಾಗಿದ್ದು ಪದ ಮಾತ್ರ. ಆದರೆ ಆ ಒಂದು ಪದದಿಂದ ಹಿರಿಯರ ಮರ್ಯಾದೆ ಉಳಿಯಿತು, ಕಚೇರಿಯ ಖಜಾನೆಯೂ ತುಂಬಿತು. 'ದಂಡ' ಎಂದರೆ ತಪ್ಪು ಮಾಡಿ ಸಿಕ್ಕಿಬಿದ್ದವನು ತೆರುವುದು. 'ಪೆನಾಲ್ಟಿ' ಎಂದರೆ ಬಿಲ್ಲಿನ ಕೆಳಗಡೆ ಇರುವ ಒಂದು ಸಾಲು. ಕರೆಂಟ್ ಬಿಲ್ಲು, ವಿಮೆಯ ಕಂತು, ಬ್ಯಾಂಕಿನ ಸಾಲ, ತೆರಿಗೆಯ ರಿಟರ್ನ್ಸ್, ಫುಟ್‌ಬಾಲ್ ಮೈದಾನ, ಹಾಕಿ ಮೈದಾನ... ಎಲ್ಲೆಲ್ಲೂ ಈಗ ಅದರದೇ ಓಡಾಟ. ಇಂಗ್ಲಿಷ್ ಓದದವರ ಬಾಯಲ್ಲೂ ಸಲೀಸಾಗಿ ಬರುವ ಈ ಪದದ ಜಾತಕ ಬಿಡಿಸಿದರೆ, ಅದು ಇಷ್ಟು ಸಾಧುವೇನಲ್ಲ ಎಂದು ಗೊತ್ತಾಗುತ್ತದೆ.

ರಕ್ತದ ಲೆಕ್ಕದಿಂದ ಹುಟ್ಟಿದ್ದು

ಪೆನಾಲ್ಟಿಯ ಮೂಲ ಗ್ರೀಕರ 'ಪೊಯ್ನೆ'. ಒಬ್ಬನನ್ನು ಕೊಂದವನು ಸತ್ತವನ ಮನೆಯವರಿಗೆ ತೆರಬೇಕಾದ ರಕ್ತಪರಿಹಾರಕ್ಕೆ ಆ ಹೆಸರು. ಹೋಮರನ 'ಇಲಿಯಡ್' ಕಾವ್ಯದ ಹದಿನೆಂಟನೇ ಸರ್ಗದಲ್ಲಿ ಅಖಿಲೀಸನಿಗಾಗಿ ಹೊಸ ಗುರಾಣಿ ತಯಾರಾಗುತ್ತದೆ. ಅದರ ಮೇಲೆ ಕೆತ್ತಿದ ಚಿತ್ರಗಳಲ್ಲಿ ಒಂದು ಪಂಚಾಯ್ತಿಯ ದೃಶ್ಯವೂ ಇದೆ. ಸಂತೆಯ ಬಯಲಿನಲ್ಲಿ ಜನ ಸೇರಿದ್ದಾರೆ. ಕೊಲೆಯಾದವನೊಬ್ಬನ ಪೊಯ್ನೆಯ ಬಗ್ಗೆ ಇಬ್ಬರ ನಡುವೆ ಜಗಳ. ಒಬ್ಬ ಪೂರ್ತಿ ತೆರುತ್ತೇನೆ ಎನ್ನುತ್ತಾನೆ, ಇನ್ನೊಬ್ಬ ಮುಟ್ಟಲು ಒಪ್ಪುವುದಿಲ್ಲ. ನಯವಾದ ಕಲ್ಲುಗಳ ಮೇಲೆ ಕೂತ ಹಿರಿಯರು ಒಬ್ಬೊಬ್ಬರಾಗಿ ಎದ್ದು ನ್ಯಾಯ ಹೇಳುತ್ತಾರೆ. ನೇರವಾದ ತೀರ್ಪು ಕೊಟ್ಟವರಿಗೆಂದು ನಡುವೆ ಚಿನ್ನ ಇಟ್ಟಿದ್ದಾರೆ.

ಹೋದ ಜೀವಕ್ಕೆ ದುಡ್ಡು ಕೊಟ್ಟರೆ ಲೆಕ್ಕ ಚುಕ್ತವಾಗುತ್ತದೆಯೇ ಎಂಬ ಪ್ರಶ್ನೆ ಈ ಪದದ ಹುಟ್ಟಿನಲ್ಲೇ ಇದೆ. ದುಡ್ಡನ್ನು ಮುಟ್ಟಲು ಒಪ್ಪದ ಆ ಮನುಷ್ಯನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾನೆ.

ಗ್ರೀಕರ ಪೊಯ್ನೆ ರೋಮನ್ನರಲ್ಲಿ 'ಪೊಯೆನಾ' ಆಯಿತು; ಶಿಕ್ಷೆ, ಯಾತನೆ ಎರಡೂ ಅದರ ಅರ್ಥ. ಅಲ್ಲಿಂದ ಹಳೆಯ ಫ್ರೆಂಚಿನ ಹಾದಿಯಲ್ಲಿ ಇಂಗ್ಲಿಷಿಗೆ ಬಂದಾಗ ಅದಕ್ಕೆ ಮಕ್ಕಳು ಮೊಮ್ಮಕ್ಕಳೆಲ್ಲ ಹುಟ್ಟಿದ್ದರು. ನಾವು ಮಂಡಿ ಹಿಡಿದುಕೊಂಡು 'ಪೇನ್' ಎನ್ನುತ್ತೇವಲ್ಲ, ಅದು ಪೆನಾಲ್ಟಿಯ ಒಡಹುಟ್ಟು. 'ಪನಿಶ್‌ಮೆಂಟ್' ಕೂಡ ಅದೇ ಮನೆಯದು. ಸಾಕ್ಷಿಯನ್ನು ಕೋರ್ಟಿಗೆ ಕರೆಸುವ 'ಸಬ್‌ಪೀನಾ' ಎಂದರೆ 'ಶಿಕ್ಷೆಯ ಅಡಿಯಲ್ಲಿ', ಬಾರದಿದ್ದರೆ ಕಾದಿದೆ ಎಂಬ ಎಚ್ಚರಿಕೆ. ತಪ್ಪು ಮಾಡಿಯೂ ರಾಜಾರೋಷವಾಗಿ ತಿರುಗುವುದಕ್ಕೆ ಇಂಗ್ಲಿಷಿನಲ್ಲಿ 'ಇಂಪ್ಯುನಿಟಿ' ಎನ್ನುತ್ತಾರೆ. ಪೊಯೆನಾ ಇಲ್ಲದಿರುವುದು ಎಂದೇ ಅದರ ಅರ್ಥ.

ಪೆನಾಲ್ಟಿಯ ಪಕ್ಕದ ಮನೆಯಲ್ಲೇ ಇರುವ 'ಫೈನ್' ಬಂದ ದಾರಿ ಬೇರೆ. ಅದರ ಮೂಲ ಲ್ಯಾಟಿನ್ನಿನ 'ಫೀನಿಸ್', ಅಂದರೆ ಕೊನೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಂದು ವ್ಯಾಜ್ಯವನ್ನು ಹಣ ಕೊಟ್ಟು ಮುಗಿಸಿಕೊಳ್ಳುವುದಕ್ಕೆ ಹಾಗೆನ್ನುತ್ತಿದ್ದರು. ಇನ್ನು "ಹೇಗಿದ್ದೀರಿ?" ಎಂದರೆ "ಫೈನ್" ಎನ್ನುತ್ತೇವಲ್ಲ, ಅದರ ಬೇರೂ ಫೀನಿಸ್ಸೇ. ಕೊನೆ ಮುಟ್ಟಿದ್ದು, ಪೂರ್ಣವಾದದ್ದು, ಆದ್ದರಿಂದ ಚೆನ್ನಾದದ್ದು. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವನಿಗೆ ಎರಡೂ ಫೈನುಗಳು ಒಂದೇ ಬೇರಿನವು ಎಂದು ಹೇಳಿದರೆ ಸಮಾಧಾನವೇನೂ ಆಗಲಿಕ್ಕಿಲ್ಲ.

ಫೈನ್‌ಗೆ ಅರ್ಥದಲ್ಲಿ ಹತ್ತಿರವಾದ ಒಂದು ಪದ ನಮ್ಮಲ್ಲಿದೆ: ತಪ್ಪುಕಾಣಿಕೆ. ಹರಕೆ ತೀರಿಸಲು ಮರೆತವರು, ಮೈಲಿಗೆಯಲ್ಲಿ ಗುಡಿ ಹೊಕ್ಕೆವೆಂದು ಅಳುಕಿದವರು ದೇವರ ಮುಂದೆ ಅದನ್ನಿಟ್ಟು ಕೈ ಮುಗಿಯುತ್ತಾರೆ. ಅಲ್ಲಿಗೆ ಲೆಕ್ಕ ತೀರಿತು. ತಪ್ಪು ಎಂದು ಒಪ್ಪಿಕೊಂಡ ಮೇಲೆ ಕಾಣಿಕೆ. ಒಪ್ಪಿಗೆ ಮೊದಲು, ದುಡ್ಡು ಆಮೇಲೆ. ಈ ಸರದಿಯನ್ನು ಪೆನಾಲ್ಟಿ ಮರೆಸಿಬಿಟ್ಟಿದೆ ಎಂಬುದೇ ಈ ಲೇಖನದ ತಕರಾರು.

ಕೋಲು ಮತ್ತು ಕೈಚೀಲ

ಹಾಗೆಂದು ಕನ್ನಡದ 'ದಂಡ' ಮಹಾ ಪರಿಶುದ್ಧ ಪದವೇನಲ್ಲ. ಸಂಸ್ಕೃತದ ದಂಡ ಎಂದರೆ ಮೊದಲಿಗೆ ಕೋಲು. ಕೋಲು ಯಾರ ಕೈಯಲ್ಲಿರುತ್ತದೋ ಅವರದು ಅಧಿಕಾರ. ಹಾಗಾಗಿ ದಂಡ ಎಂದರೆ ಅಧಿಕಾರ, ಸೈನ್ಯ, ಶಿಕ್ಷೆ. ಸಾಮ, ದಾನ, ಭೇದ ಮುಗಿದ ಮೇಲೆ ಉಳಿಯುವುದು ಅದೊಂದೇ. ಇವತ್ತಿಗೂ ತಹಶೀಲ್ದಾರರ ಕೋಣೆಯ ಬೋರ್ಡಿನ ಮೇಲೆ 'ತಾಲ್ಲೂಕು ದಂಡಾಧಿಕಾರಿ' ಎಂದಿರುತ್ತದೆ. ಸೈನ್ಯ ಬೀಡುಬಿಟ್ಟ ಜಾಗ 'ದಂಡು' ಆಯಿತು, ಬೆಂಗಳೂರಿನ ಕಂಟೋನ್ಮೆಂಟಿಗೂ ಅದೇ ಹೆಸರು. ಅಳತೆಗೆ ಮಾನದಂಡ, ಬೆನ್ನಿಗೆ ಮೇರುದಂಡ, ದೇವರಿಗೆ ದೀರ್ಘದಂಡ ನಮಸ್ಕಾರ. ಕೋಲು ಎಲ್ಲಿಯೂ ಬಿಟ್ಟುಹೋಗಿಲ್ಲ.

ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರ 'ಮಿತಾಕ್ಷರಾ' ಬರೆದ. ಆತ ವ್ಯಾಖ್ಯಾನಿಸಿದ್ದು ಯಾಜ್ಞವಲ್ಕ್ಯ ಸ್ಮೃತಿಯನ್ನು. ಆ ಸ್ಮೃತಿಯಲ್ಲಿ ದಂಡ ನಾಲ್ಕು ಬಗೆ: ಧಿಗ್ದಂಡ, ವಾಗ್ದಂಡ, ಧನದಂಡ, ವಧದಂಡ. ಛೀಮಾರಿ ಹಾಕುವುದು, ಗದರುವುದು, ದುಡ್ಡು ಕಕ್ಕಿಸುವುದು, ಮೈಗೆ ಶಿಕ್ಷೆ ಕೊಡುವುದು. ಕಡೆಯದರಲ್ಲಿ ಮರಣವೂ ಸೇರಿತು. ತಪ್ಪಿನ ತೂಕ ನೋಡಿ ಒಂದನ್ನೋ ಎಲ್ಲವನ್ನೋ ಬಳಸಬಹುದು. ಆದರೆ ಸ್ಮೃತಿಗಳ ತಕ್ಕಡಿಯಲ್ಲಿ ತಪ್ಪಿನ ಜೊತೆಗೆ ಮಾಡಿದವನ ವರ್ಣವನ್ನೂ ತೂಗುತ್ತಿದ್ದರು. ಒಂದೇ ತಪ್ಪಿಗೆ ಒಬ್ಬನಿಗೆ ಕಾಸಿನ ದಂಡ, ಇನ್ನೊಬ್ಬನಿಗೆ ಮೈಮೇಲೆ ಏಟು. ಹಳೆಯದನ್ನು ಹೊಗಳುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ.

ದಂಡ ಆದಾಯದ ಮೂಲವಾದದ್ದೂ ಇವತ್ತಿನ ಸಂಗತಿಯಲ್ಲ. ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ ಊರನ್ನು ದಾನ ಕೊಡುವಾಗ ಅದರ ಜೊತೆಗೆ ಏನೇನು ಸೇರಿದೆ ಎಂಬ ಪಟ್ಟಿ ಬರುತ್ತದೆ. ಅದರಲ್ಲೊಂದು ಮಾತು 'ದಶಾಪರಾಧ ಸಹಿತ'. ಹತ್ತು ಬಗೆಯ ಅಪರಾಧಗಳಿಗೆ ಬರುವ ದಂಡದ ಹಣವೂ ದಾನ ಪಡೆದವರಿಗೇ ಸೇರಿದ್ದು ಎಂದರ್ಥ. ಊರಿನವರು ತಪ್ಪು ಮಾಡಿದಷ್ಟೂ ಲಾಭ! ಇವತ್ತು ಸಂಚಾರ ಪೊಲೀಸರು ಮರದ ಮರೆಯಲ್ಲಿ ನಿಂತರೆ ನಾವು ಗೊಣಗುತ್ತೇವಲ್ಲ, ಆ ಗೊಣಗಾಟಕ್ಕೂ ಸಾವಿರ ವರ್ಷಗಳಾದರೂ ಆಗಿರಬೇಕು.

ನವಾಬರ, ಪೇಶ್ವೆಗಳ ಆಡಳಿತದ ನೆರಳಲ್ಲಿ ಪಾರಸಿಯ 'ಜುರ್ಮಾನಾ' ಬಂದು ಕನ್ನಡದಲ್ಲಿ 'ಜುಲ್ಮಾನೆ' ಆಯಿತು. ಕೋರ್ಟು ಕಚೇರಿಗಳ ಹಳೆಯ ಕಾಗದಗಳಲ್ಲಿ ಇನ್ನೂ ಇದೆ. ಕೇಳಿದವರ ಕಿವಿಗೆ ಅದರೊಳಗೆ 'ಜುಲುಮೆ' ಕೇಳಿಸಿದರೆ ತಪ್ಪು ಕಿವಿಯದಲ್ಲ.

ಇವೆಲ್ಲದರ ನಡುವೆ ಆಡುಗನ್ನಡ ದಂಡಕ್ಕೆ ಇನ್ನೊಂದು ಅರ್ಥ ಹಚ್ಚಿತು: ವ್ಯರ್ಥ. "ಸುಮ್ನೆ ದುಡ್ಡು ದಂಡ", "ಹೋಗಿದ್ದೇ ದಂಡ", "ಓದಿಸಿದ್ದೆಲ್ಲ ದಂಡ", ಕೊನೆಗೆ ದುಡಿಯದೆ ತಿನ್ನುವ ಮಗನಿಗೆ "ದಂಡಪಿಂಡ". ಈ ಅರ್ಥ ಎಲ್ಲಿಂದ ಬಂತೆಂದು ನಿಘಂಟುಕಾರರನ್ನು ಕೇಳಬೇಕಿಲ್ಲ. ದಂಡ ತೆತ್ತ ದುಡ್ಡು ವಾಪಸು ಬರುವುದಿಲ್ಲ, ಅದರಿಂದ ಕೊಂಡ ವಸ್ತುವೂ ಇಲ್ಲ. ತೆತ್ತವನ ಕಣ್ಣಿಗೆ ಅದು ಬರೀ ನಷ್ಟವಾಗಿ ಕಂಡರೆ ಆಶ್ಚರ್ಯವಿಲ್ಲ.

'ಶಿಕ್ಷೆ'ಯದು ಇನ್ನೊಂದು ಕತೆ. ಸಂಸ್ಕೃತದಲ್ಲಿ ಅದು ಕಲಿಕೆ. ತೈತ್ತಿರೀಯ ಉಪನಿಷತ್ತಿನ ಮೊದಲ ಭಾಗದ ಹೆಸರೇ ಶೀಕ್ಷಾವಲ್ಲಿ. ಹಿಂದಿಯಲ್ಲಿ ಇವತ್ತಿಗೂ ಶಿಕ್ಷಾ ಎಂದರೆ ವಿದ್ಯೆ. ಕನ್ನಡದಲ್ಲಿ ವಿದ್ಯೆಯ ಪಾಲಿಗೆ 'ಶಿಕ್ಷಣ' ಉಳಿದು, 'ಶಿಕ್ಷೆ' ಬೆಂಚಿನ ಮೇಲೆ ನಿಂತಿತು. ಎರಡೂ ಒಂದೇ ಕೋಣೆಯಲ್ಲಿ ಬಹಳ ಕಾಲ ಸಂಸಾರ ಮಾಡಿದವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿ, ಕಾಗದದ ಮೇಲಾದರೂ ಅವಕ್ಕೆ ವಿಚ್ಛೇದನ ಕೊಡಿಸಿತು.

ಹನ್ನೆರಡು ಗಜದ ನ್ಯಾಯ

ಪೆನಾಲ್ಟಿ ಎಂದ ಕೂಡಲೇ ಹುಡುಗರಿಗೆ ನೆನಪಾಗುವುದು ಕೋರ್ಟಲ್ಲ, ಗೋಲ್‌ಪೋಸ್ಟ್. ಫುಟ್‌ಬಾಲ್‌ಗೆ ಪೆನಾಲ್ಟಿ ಕಿಕ್ ಬಂದದ್ದು 1891ರ ಜೂನ್ 2ರಂದು, ಗ್ಲಾಸ್ಗೋದಲ್ಲಿ ನಡೆದ ನಿಯಮಮಂಡಳಿಯ ಸಭೆಯಲ್ಲಿ. ಅದನ್ನು ಯೋಚಿಸಿದವನು ಐರ್ಲೆಂಡಿನ ಆರ್ಮಾ ಕೌಂಟಿಯ ಮಿಲ್‌ಫರ್ಡ್ ಎಂಬ ಹಳ್ಳಿಯ ವಿಲಿಯಂ ಮೆಕ್‌ಕ್ರಮ್. ಆತ ಸ್ವತಃ ಗೋಲ್‌ಕೀಪರ್ ಎಂಬುದು ತಮಾಷೆ. ಗೋಲಿನ ಬಾಯಲ್ಲಿ ಕಾಲು ಕೊಟ್ಟು ಕೆಡವಿದರೂ, ಕೈಯಲ್ಲಿ ಚೆಂಡು ತಡೆದರೂ ಆಗೆಲ್ಲ ಸಾಮಾನ್ಯ ಫ್ರೀ ಕಿಕ್ ಬಿಟ್ಟರೆ ಶಿಕ್ಷೆಯಿರಲಿಲ್ಲ.

ಪ್ರಸ್ತಾಪ ಬಂದಾಗ ಇಂಗ್ಲೆಂಡಿನ ಹವ್ಯಾಸಿ ಆಟಗಾರರಿಗೆ ಸಿಟ್ಟು ಬಂತು. ಸಭ್ಯಸ್ಥರು ಬೇಕೆಂದೇ ಎದುರಾಳಿಯನ್ನು ಕೆಡವುತ್ತಾರೆ ಎಂದು ನಿಯಮವೇ ನಂಬುವುದಾದರೆ ಅದು ತಮಗೆ ಅವಮಾನ ಎಂಬುದು ಅವರ ವಾದ. "ನಾನೇನು ಕನ್ನ ಹಾಕಿದ್ನಾ?" ಎಂದ ನಮ್ಮ ಹಿರಿಯರ ಮಾತೇ ಅದು. ಭಾಷೆ ಬೇರೆ, ಬೂಟು ಬೇರೆ. ಶಿಕ್ಷೆಯ ಮೊತ್ತಕ್ಕಿಂತ ಶಿಕ್ಷೆಯ ಹೆಸರು ಚುಚ್ಚುತ್ತಿದ್ದ ಕಾಲ ಅದು.

ನೂರ ಹತ್ತೊಂಬತ್ತು ವರ್ಷಗಳ ನಂತರ ಏನಾಯಿತು ನೋಡಿ. 2010ರ ಜುಲೈ 2, ಜೊಹಾನ್ಸ್‌ಬರ್ಗ್. ವಿಶ್ವಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಉರುಗ್ವೆ ಮತ್ತು ಘಾನಾ 1–1 ಸಮ. ಹೆಚ್ಚುವರಿ ಆಟದ ಕೊನೆಯ ಗಳಿಗೆ. ಘಾನಾದ ಆಟಗಾರ ತಲೆಯಿಂದ ಹೊಡೆದ ಚೆಂಡು ಗೋಲಿನೊಳಗೆ ಹೋಗುವುದರಲ್ಲಿತ್ತು. ಹೋಗಿದ್ದರೆ ವಿಶ್ವಕಪ್ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ ಘಾನಾ. ಗೆರೆಯ ಮೇಲೆ ನಿಂತಿದ್ದ ಉರುಗ್ವೆಯ ಲೂಯಿಸ್ ಸುವಾರೆಸ್ ಎರಡೂ ಕೈಯೆತ್ತಿ ಚೆಂಡನ್ನು ಹೊರಗೆ ತಳ್ಳಿದ. ಅವನು ಗೋಲ್‌ಕೀಪರ್ ಅಲ್ಲ. ರೆಫರಿ ಕೆಂಪು ಕಾರ್ಡ್ ತೋರಿಸಿದರು, ಘಾನಾಕ್ಕೆ ಪೆನಾಲ್ಟಿ ಕೊಟ್ಟರು. ಅಸಾಮೊವಾ ಜ್ಯಾನ್ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು ಮೇಲೆ ಹಾರಿತು. ಅಳುತ್ತ ಹೊರಹೋಗುತ್ತಿದ್ದ ಸುವಾರೆಸ್ ಸುರಂಗದ ಬಾಯಲ್ಲಿ ನಿಂತು ಕುಣಿದ. ಶೂಟೌಟ್‌ನಲ್ಲಿ ಉರುಗ್ವೆ 4–2ರಿಂದ ಗೆದ್ದಿತು.

ರೆಫರಿ ನಿಯಮ ಮೀರಲಿಲ್ಲ. ಪುಸ್ತಕದಲ್ಲಿದ್ದಷ್ಟೂ ಶಿಕ್ಷೆ ಆಯಿತು, ಮುಂದಿನ ಪಂದ್ಯದಿಂದ ಅವನನ್ನು ಹೊರಗೂ ಇಟ್ಟರು. ಆದರೂ ಘಾನಾದವರಿಗೆ ನ್ಯಾಯ ಸಿಕ್ಕಂತೆ ಅನ್ನಿಸಲಿಲ್ಲ. ಖಚಿತವಾದ ಗೋಲಿಗೆ ಬದಲಾಗಿ ಅವರಿಗೆ ಸಿಕ್ಕಿದ್ದು ಗೋಲು ಹೊಡೆಯುವ ಒಂದು ಅವಕಾಶ. ಸುವಾರೆಸ್ ಪೆನಾಲ್ಟಿಯನ್ನು ಶಿಕ್ಷೆಯೆಂದು ನೋಡಲಿಲ್ಲ, ಬೆಲೆಯೆಂದು ನೋಡಿದ. ಬೆಲೆ ಕೈಗೆಟುಕುವಂತಿತ್ತು, ಕೊಂಡುಕೊಂಡ. ಸರಿಯೋ ತಪ್ಪೋ ಎಂದು ಹೋಟೆಲುಗಳ ಮೇಜಿನ ಮೇಲೆ ಇವತ್ತಿಗೂ ವಾದ ನಡೆಯುತ್ತದೆ.

ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಒಂದು ಕಸುಬೇ ಆಗಿಹೋಗಿದೆ. ಕೊಡಗಿನ ವಿ.ಆರ್. ರಘುನಾಥ್ ಅವರಂಥ ಡ್ರ್ಯಾಗ್‌ಫ್ಲಿಕ್ ಪರಿಣತರು ಭಾರತ ತಂಡದಲ್ಲಿ ಜಾಗ ಪಡೆದದ್ದೇ ಎದುರಾಳಿಯ ತಪ್ಪನ್ನು ಗೋಲಾಗಿಸುವ ಕಲೆಯಿಂದ. ಕ್ರಿಕೆಟ್ಟಿನಲ್ಲಿ ವಿಕೆಟ್‌ಕೀಪರ್ ಹಿಂದೆ ಇಟ್ಟ ಹೆಲ್ಮೆಟ್‌ಗೆ ಚೆಂಡು ತಾಗಿದರೆ ಬ್ಯಾಟಿಂಗ್ ತಂಡಕ್ಕೆ ಪುಕ್ಕಟೆ ಐದು ರನ್. ಅಲ್ಲಿ ಯಾರೂ ಯಾರನ್ನೂ ಕೆಡವಿಲ್ಲ, ಸಾಮಾನು ಇಟ್ಟ ಜಾಗ ಸರಿಯಿಲ್ಲ ಅಷ್ಟೇ. ಅದರ ಹೆಸರೂ ಪೆನಾಲ್ಟಿ.

ಒಂದೇ ತಪ್ಪು, ಎರಡು ಏಟು

ಆಟದಲ್ಲಿ ಇಷ್ಟು ಸಡಿಲವಾದ ಪದ ಕಾನೂನಿನಲ್ಲಿ ಮಾತ್ರ ಬಿಗಿ. ಜನಸಾಮಾನ್ಯರಿಗೆ ದಂಡ, ಫೈನ್, ಪೆನಾಲ್ಟಿ ಎಲ್ಲ ಒಂದೇ. ವಕೀಲರಿಗೆ ಹಾಗಲ್ಲ. ಕ್ರಿಮಿನಲ್ ಕೋರ್ಟು ಅಪರಾಧ ಸಾಬೀತಾದ ಮೇಲೆ ಹಾಕುವುದು ಫೈನ್. ತೆರಿಗೆ, ಕಸ್ಟಮ್ಸ್, ಷೇರುಪೇಟೆಯಂಥ ಇಲಾಖೆಗಳ ಅಧಿಕಾರಿಗಳು ನಿಯಮ ಮುರಿದದ್ದಕ್ಕೆ ಹಾಕುವುದು ಸಾಮಾನ್ಯವಾಗಿ ಪೆನಾಲ್ಟಿ. ಮೊದಲನೆಯದರಲ್ಲಿ ನೀವು ಅಪರಾಧಿ, ಎರಡನೆಯದರಲ್ಲಿ ಬಾಕಿದಾರ.

ಈ ಗೆರೆ ಎಷ್ಟು ಮುಖ್ಯ ಎಂಬುದನ್ನು ತೋರಿಸಿದ್ದು ಗಣರಾಜ್ಯದ ಆರಂಭದ ದಿನಗಳ ಮಕ್ಬೂಲ್ ಹುಸೇನ್ ಪ್ರಕರಣ. 1949ರ ನವೆಂಬರ್ 6ರಂದು ಜೆಡ್ಡಾದಿಂದ ಬಾಂಬೆಯ ಸಾಂತಾಕ್ರೂಜ್ ವಿಮಾನ ನಿಲ್ದಾಣಕ್ಕೆ ಬಂದಿಳಿದ ಆತನ ಬಳಿ 107.2 ತೊಲ ಚಿನ್ನ ಸಿಕ್ಕಿತು. ಘೋಷಿಸಿರಲಿಲ್ಲ. ಕಸ್ಟಮ್ಸ್‌ನವರು ಮುಟ್ಟುಗೋಲು ಹಾಕಿಕೊಂಡರು. ಬೇಕಿದ್ದರೆ 12,000 ರೂಪಾಯಿ ಕಟ್ಟಿ ಬಿಡಿಸಿಕೊಳ್ಳಬಹುದು ಎಂದರು. ಆಮೇಲೆ ಅದೇ ಚಿನ್ನಕ್ಕಾಗಿ ವಿದೇಶಿ ವಿನಿಮಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಕ್ರಿಮಿನಲ್ ಕೇಸೂ ಬಿತ್ತು. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೂಡದು ಎನ್ನುತ್ತದಲ್ಲ ಸಂವಿಧಾನದ 20ನೇ ವಿಧಿ, ಅದನ್ನು ಹಿಡಿದು ಆತ ಸುಪ್ರೀಂ ಕೋರ್ಟಿಗೆ ಹೋದ. 1953ರಲ್ಲಿ ಬಂದ ತೀರ್ಪು ಆತನ ವಿರುದ್ಧವಾಗಿತ್ತು. ಕಸ್ಟಮ್ಸ್ ಅಧಿಕಾರಿ ನ್ಯಾಯಾಲಯವಲ್ಲ, ಹಾಗಾಗಿ ಅಲ್ಲಿ ನಡೆದದ್ದು ಆ ವಿಧಿ ಹೇಳುವ ವಿಚಾರಣೆಯೂ ಅಲ್ಲ, ಶಿಕ್ಷೆಯೂ ಅಲ್ಲ ಎಂದಿತು ಕೋರ್ಟು. ಚಿನ್ನ ಕಳೆದುಕೊಂಡವನಿಗೆ ಅದು ಶಿಕ್ಷೆಯೆಂದೇ ಅನ್ನಿಸಿರುತ್ತದೆ. ಕಾನೂನಿನ ಕಣ್ಣಿಗೆ ಹಾಗೆ ಕಾಣಲಿಲ್ಲ.

ಇನ್ನು ನಮ್ಮ ಹಿರಿಯರ ಪ್ರಶ್ನೆ: ಮನಸ್ಸಿನಲ್ಲಿ ಕೇಡಿಲ್ಲದಿದ್ದರೂ ದಂಡವೇ? ಸುಪ್ರೀಂ ಕೋರ್ಟ್ ಇದಕ್ಕೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ದನಿಯಲ್ಲಿ ಉತ್ತರಿಸಿದೆ. ಹಿಂದೂಸ್ತಾನ್ ಸ್ಟೀಲ್ ಪ್ರಕರಣದಲ್ಲಿ, 1969ರಲ್ಲಿ, ಕೋರ್ಟು ಉದಾರವಾಗಿತ್ತು. ಹಾಕಲು ಅಧಿಕಾರವಿದೆ ಎಂಬ ಒಂದೇ ಕಾರಣಕ್ಕೆ ಪೆನಾಲ್ಟಿ ಹಾಕಕೂಡದು; ಬೇಕೆಂದೇ ಕಾನೂನನ್ನು ಧಿಕ್ಕರಿಸಿದ್ದಾನೆಯೇ, ಇಲ್ಲಾ ತಾಂತ್ರಿಕ ತಪ್ಪೇ ನೋಡಬೇಕು ಎಂದಿತು. 2006ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಮತ್ತು ಶ್ರೀರಾಂ ಮ್ಯೂಚುವಲ್ ಫಂಡ್ ನಡುವಿನ ಪ್ರಕರಣದಲ್ಲಿ ದನಿ ಬದಲಾಯಿತು. ಇಂಥ ಸಿವಿಲ್ ಪೆನಾಲ್ಟಿಗೆ ನಿಯಮ ಮುರಿದದ್ದಷ್ಟೇ ಸಾಕು, ಉದ್ದೇಶ ಕೆದಕಬೇಕಿಲ್ಲ ಎಂಬುದು ಅದರ ಸಾರ. ಕಾಯ್ದೆಯಿಂದ ಕಾಯ್ದೆಗೆ ಲೆಕ್ಕ ಬೇರೆಯಾಗುತ್ತದೆ. ಆದರೂ ಕನ್ನ ಹಾಕದವರಿಗೂ ಪೆನಾಲ್ಟಿ ಬೀಳಬಹುದು ಎಂಬುದು ಖಚಿತ.

ಈ ನಡುವೆ ದೊಡ್ಡ ಸ್ಥಳಾಂತರವೊಂದು ನಡೆಯಿತು. 2023ರ ಜನ ವಿಶ್ವಾಸ ಕಾಯ್ದೆ 42 ಕೇಂದ್ರ ಕಾನೂನುಗಳ 183 ಅಂಶಗಳನ್ನು ತಿದ್ದಿತು. ಸಣ್ಣಪುಟ್ಟ ತಪ್ಪುಗಳಿಗಿದ್ದ ಜೈಲುಶಿಕ್ಷೆ ಹೋಗಿ, ಹಲವು ಕಡೆ ಕೋರ್ಟಿನ ಫೈನ್ ಇದ್ದ ಜಾಗಕ್ಕೆ ಅಧಿಕಾರಿಯ ಪೆನಾಲ್ಟಿ ಬಂತು. ಮೂರು ವರ್ಷಕ್ಕೊಮ್ಮೆ ಮೊತ್ತ ಶೇ 10ರಷ್ಟು ಏರುವ ವ್ಯವಸ್ಥೆಯೂ ಅದರಲ್ಲಿದೆ. ವ್ಯಾಪಾರ ಮಾಡುವವರಿಗೆ ಕೋರ್ಟಿನ ಅಲೆದಾಟ ತಪ್ಪಿತು, ನಿಜ. ನ್ಯಾಯಾಧೀಶರ ಮುಂದೆ ವಾದ ಮಾಡುವ ಅವಕಾಶ ಮೊದಲ ಹಂತದಲ್ಲಿ ತಪ್ಪಿದ್ದೂ ನಿಜ.

ಅದರ ಮರುವರ್ಷ, 2024ರ ಜುಲೈ 1ರಂದು, ಮೆಕಾಲೆಯ ಕಾಲದಲ್ಲಿ ಕರಡು ಕಂಡು 1860ರಲ್ಲಿ ಕಾಯ್ದೆಯಾದ 'ಇಂಡಿಯನ್ ಪೀನಲ್ ಕೋಡ್' ಮುಗಿಯಿತು. ಪೀನಲ್ ಎಂಬುದೂ ಪೊಯೆನಾದ ಸಂತಾನವೇ. ನಾವು ಅದನ್ನು ಭಾರತೀಯ ದಂಡ ಸಂಹಿತೆ ಎನ್ನುತ್ತಿದ್ದೆವು. ಈಗ ಬಂದಿರುವುದು ಭಾರತೀಯ ನ್ಯಾಯ ಸಂಹಿತೆ. ಹೆಸರಿನಿಂದ ದಂಡ ಹೊರಟುಹೋಯಿತು, ಒಳಗಿನ ದಂಡಗಳು ಹಾಗೇ ಇವೆ. ಹೊಸದಾಗಿ ಸೇರಿದ ಒಂದು ಶಿಕ್ಷೆ ಸಮುದಾಯ ಸೇವೆ. ಕುಡಿದು ಬೀದಿಯಲ್ಲಿ ರಂಪ ಮಾಡಿದವನಿಗೆ, ಮೊದಲ ಸಲ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಹಿಂದಿರುಗಿಸಿದವನಿಗೆ ಕೋರ್ಟು ಅದನ್ನು ವಿಧಿಸಬಹುದು. ಜೇಬಿಗೂ ಮೈಗೂ ಕೈ ಹಾಕದೆ ತಪ್ಪು ಮಾಡಿದವನ ಹೊತ್ತನ್ನು ಊರಿಗೆ ಕೊಡಿಸುವ ಈ ಶಿಕ್ಷೆಗೆ ಸರಿಯಾದ ಕೆಲಸ, ಸರಿಯಾದ ಉಸ್ತುವಾರಿ ಸಿಕ್ಕರೆ ಬೆಲೆ ಬರುತ್ತದೆ.

ಪೆನಾಲ್ಟಿ ಎಂಬ ಪದದ ಇನ್ನೊಂದು ತುದಿಯಲ್ಲಿ 'ಡೆತ್ ಪೆನಾಲ್ಟಿ', ಅಂದರೆ ಮರಣದಂಡನೆ ಇದೆ. 1980ರ ಬಚನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಸೀಮಿತಗೊಳಿಸಿತು. ಗ್ರಂಥಾಲಯದ ಪುಸ್ತಕ ತಡವಾದದ್ದಕ್ಕೂ ನೇಣಿನ ಕುಣಿಕೆಗೂ ಇಂಗ್ಲಿಷಿನಲ್ಲಿ ಒಂದೇ ಪದ ಸಾಕು ಎಂಬುದನ್ನು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಬೆಲೆಪಟ್ಟಿಯಾದ ದಂಡ

ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳಲ್ಲಿ ನಡೆದ ಒಂದು ಪ್ರಯೋಗ ಈ ವಿಷಯದಲ್ಲಿ ಎಲ್ಲರೂ ಉದಾಹರಿಸುವಂಥದ್ದು. ಯೂರಿ ನೀಝಿ ಮತ್ತು ಆಲ್ಡೊ ರುಸ್ಟಿಕೀನಿ ಎಂಬ ಅರ್ಥಶಾಸ್ತ್ರಜ್ಞರು ಅದನ್ನು 2000ದಲ್ಲಿ ಪ್ರಕಟಿಸಿದರು. ಸಂಜೆ ಮಕ್ಕಳನ್ನು ಕರೆದೊಯ್ಯಲು ಕೆಲವು ತಂದೆತಾಯಿ ತಡವಾಗಿ ಬರುತ್ತಿದ್ದರು, ಮಿಸ್ ಕಾಯುತ್ತ ಕೂರಬೇಕಿತ್ತು. ಆರು ಶಿಶುವಿಹಾರಗಳಲ್ಲಿ ಹತ್ತು ನಿಮಿಷಕ್ಕಿಂತ ತಡವಾದರೆ ಹತ್ತು ಶೆಕೆಲ್ ಫೈನ್ ಎಂದು ಫಲಕ ಹಾಕಿದರು. ತಡ ಮಾಡುವವರು ಕಡಿಮೆಯಾಗಬೇಕಿತ್ತಲ್ಲ? ಹೆಚ್ಚಾದರು, ಹೆಚ್ಚೂಕಡಿಮೆ ಎರಡರಷ್ಟಾದರು.

ಕಾರಣ ಕಷ್ಟದ್ದೇನಲ್ಲ. ಮೊದಲು "ಪಾಪ, ಮಿಸ್ ನಮಗಾಗಿ ಕಾಯುತ್ತಿರುತ್ತಾರೆ" ಎಂಬ ಅಳುಕಿತ್ತು. ಫೈನ್ ಬಂದ ಮೇಲೆ "ಕಾಯಲಿ ಬಿಡು, ದುಡ್ಡು ಕೊಡ್ತೀವಲ್ಲ" ಎಂಬ ಧೈರ್ಯ ಬಂತು. ಕೆಲವು ವಾರಗಳ ನಂತರ ಫೈನ್ ತೆಗೆದುಹಾಕಿದರು. ಅಳುಕು ಮಾತ್ರ ವಾಪಸು ಬರಲಿಲ್ಲ, ತಡ ಮಾಡುವವರು ಅಷ್ಟೇ ಉಳಿದರು. ಒಮ್ಮೆ ಬೆಲೆ ಕಟ್ಟಿದ ಮೇಲೆ ನಾಚಿಕೆಗೆ ಮತ್ತೆ ಜಾಗವಿಲ್ಲ.

ನಮ್ಮ ರಸ್ತೆಗಳಿಗೆ ಬನ್ನಿ. 2019ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೆಲ್ಮೆಟ್ ಇಲ್ಲದಿದ್ದರೆ ಇದ್ದ 100 ರೂಪಾಯಿ ದಂಡವನ್ನು 1,000ಕ್ಕೆ ಏರಿಸಿತು. ಗಲಾಟೆಯಾಯಿತು, ಅದೇ ತಿಂಗಳು ಕರ್ನಾಟಕ ಅದನ್ನು 500ಕ್ಕೆ ಇಳಿಸಿತು. ಕ್ಯಾಮೆರಾಗಳು ಹಾಕಿದ ನೋಟಿಸುಗಳು ಬೆಟ್ಟದಂತೆ ಬೆಳೆದವು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಘೋಷಣೆಯಾದಾಗ ಠಾಣೆಗಳ ಮುಂದೆ ಸಾಲು; ಒಂಬತ್ತೇ ದಿನಗಳಲ್ಲಿ ನೂರು ಕೋಟಿಗೂ ಹೆಚ್ಚು ಹಣ ಬಂತು. ಆಮೇಲೂ ರಿಯಾಯಿತಿ ಮರುಕಳಿಸಿತು, 2025ರ ಆಗಸ್ಟ್‌ನಲ್ಲೂ. ಸೀರೆ ಅಂಗಡಿಯ ಆಷಾಢ ಸೇಲ್‌ನಂತೆ ದಂಡಕ್ಕೂ ಸೀಸನ್ ಬಂದಿತು. ಖಜಾನೆಯ ದೃಷ್ಟಿಯಿಂದ ಇದು ಜಾಣತನವೇ ಇರಬಹುದು. ಆದರೆ ಆಗಿಂದಾಗ ಕಟ್ಟಿದ ಪ್ರಾಮಾಣಿಕ ಪೂರ್ತಿ ತೆತ್ತ, ಕಾದು ಕೂತವನು ಅರ್ಧ ಉಳಿಸಿದ. ಮುಂದಿನ ಸಲ ಇಬ್ಬರೂ ಕಾಯುತ್ತಾರೆ.

ಬ್ಯಾಂಕುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದವು. ಕಂತು ತಪ್ಪಿದವರಿಗೆ ದಂಡಬಡ್ಡಿ ಹಾಕಿ, ಅದನ್ನು ಅಸಲಿಗೆ ಸೇರಿಸಿ, ಅದರ ಮೇಲೆ ಮತ್ತೆ ಬಡ್ಡಿ ಎಣಿಸುವುದು ನಡೆದಿತ್ತು. 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ ಇದಕ್ಕೆ ಕಡಿವಾಣ ಹಾಕಿತು. ಬಡ್ಡಿದರಕ್ಕೆ ದಂಡ ಸೇರಿಸಿ 'ದಂಡಬಡ್ಡಿ' ವಸೂಲು ಮಾಡುವಂತಿಲ್ಲ. ಬೇಕಿದ್ದರೆ ತಪ್ಪಿಗೆ ತಕ್ಕಷ್ಟು 'ದಂಡಶುಲ್ಕ' ಹಾಕಬಹುದು, ಅದರ ಮೇಲೆ ಮತ್ತೆ ಬಡ್ಡಿ ಎಣಿಸುವಂತಿಲ್ಲ. ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ದಂಡದ ಉದ್ದೇಶ ಸಾಲಗಾರನಿಗೆ ಶಿಸ್ತು ಕಲಿಸುವುದೇ ಹೊರತು ಬ್ಯಾಂಕಿಗೆ ಆದಾಯ ಹೆಚ್ಚಿಸುವುದಲ್ಲ ಎಂಬುದನ್ನು ಆ ಸುತ್ತೋಲೆ ಸ್ಪಷ್ಟವಾಗಿ ಹೇಳಿತು. 'ದಶಾಪರಾಧ ಸಹಿತ' ಎಂದು ಬರೆಸಿಕೊಂಡವರಿಗೆ ಕೊಡಬೇಕಿದ್ದ ಉತ್ತರವೂ ಇದೇ ಆಗಿತ್ತು.

ಕೇಳಬೇಕಾದ ಮೂರು ಪ್ರಶ್ನೆ

ಪೆನಾಲ್ಟಿ ಎಂಬ ಪದ ಕನ್ನಡಕ್ಕೆ ಬಂದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ತಡವಾಗಿ ಕಂದಾಯ ಕಟ್ಟಿದ ಮುದುಕರನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸದೆ ಇರುವುದು ಒಳ್ಳೆಯದೇ. ಆದರೆ ಚುಚ್ಚದ ಪದಕ್ಕೆ ಎರಡು ಅಪಾಯ. ದುಡ್ಡಿದ್ದವನು ಅದನ್ನು ಬೆಲೆಯೆಂದು ತಿಳಿದು ಕೊಂಡುಕೊಳ್ಳುತ್ತಾನೆ. ದುಡ್ಡಿಲ್ಲದವನು ಅದನ್ನು ಮಳೆ ಬಿಸಿಲಿನಂತೆ ತಲೆಬಾಗಿ ಸಹಿಸುತ್ತಾನೆ, ಯಾಕೆ ಎಂದು ಕೇಳುವುದಿಲ್ಲ. ಇಬ್ಬರಲ್ಲಿ ಯಾರೂ ಆ ಗುರಾಣಿಯ ಮೇಲಿನ ಮನುಷ್ಯನಂತೆ "ದುಡ್ಡಿನಿಂದ ಇದು ಮುಗಿಯುವುದಿಲ್ಲ" ಎನ್ನುವುದಿಲ್ಲ.

ಆದ್ದರಿಂದ ಯಾವ ಕಾಗದದಲ್ಲೇ ಆಗಲಿ ಪೆನಾಲ್ಟಿ ಎಂಬ ಸಾಲು ಕಂಡರೆ ಮೂರು ಪ್ರಶ್ನೆ ಕೇಳಿ. ಯಾವ ತಪ್ಪಿಗೆ? ಯಾವ ನಿಯಮದಡಿ? ಹಾಕಿದವರು ಯಾರು, ಅವರ ಮೇಲೆ ಮೇಲ್ಮನವಿ ಎಲ್ಲಿ? ಉತ್ತರ ಸಿಕ್ಕಿತೆಂದರೆ ಕಟ್ಟಿ, ಆ ತಪ್ಪನ್ನು ಮತ್ತೆ ಮಾಡಬೇಡಿ. ಸಿಗದಿದ್ದರೆ ಬರವಣಿಗೆಯಲ್ಲಿ ಕೇಳಿ.

ಪೆನಾಲ್ಟಿ ಕೌಂಟರಿನ ಈಚೆ ಬದಿಗೆ ಮಾತ್ರ ಎಂದುಕೊಳ್ಳುವುದೂ ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸಕಾರಣವಿಲ್ಲದೆ ಮಾಹಿತಿ ತಡಮಾಡಿದ ಅಧಿಕಾರಿಗೆ ಆಯೋಗವು ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ಪೆನಾಲ್ಟಿ ಹಾಕುತ್ತದೆ. ಕರ್ನಾಟಕದ ಸಕಾಲ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆ ಗೊತ್ತುಪಡಿಸಿದ ದಿನದೊಳಗೆ ಸಿಗದಿದ್ದರೆ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆ ದಿನ ಹಿರಿಯರ ಕೈಗೆ ಪೆನಾಲ್ಟಿಯ ರಸೀದಿ ಬಂತು, ಅವರು ಅದನ್ನೂ ರಬ್ಬರ್ ಬ್ಯಾಂಡಿನೊಳಗೆ ಸಿಕ್ಕಿಸಿಕೊಂಡು ಹೊರಟರು. ಲೇಟಾದ್ರೆ ಎಲ್ರಿಗೂ ಬರುತ್ತೆ ಎಂಬ ಮಾತು ಕಚೇರಿಗೂ ಅನ್ವಯಿಸುತ್ತದೆ ಎಂದು ಅವರಿಗೆ ಅಲ್ಲಿ ಯಾರೂ ಹೇಳಲಿಲ್ಲ. ಓದಿದವರಾದರೂ ನಿಮ್ಮ ಮನೆಯ ಹಿರಿಯರಿಗೆ ಹೇಳಿ.